ಕರಗುವ ಹೊಲಿಗೆ ಕರಗಿದ ಮೇಲೆ ಮೈಯಲ್ಲಿ ಏನು ಉಳಿಯುತ್ತದೆ?

"ಮೇಷ್ಟ್ರೇ, ಹೊಲಿಗೆ ತಾನಾಗೇ ಕರಗ್ತದೆ ಅಂದ್ರು ಡಾಕ್ಟ್ರು. ಕರಗಿ ಎಲ್ಲಿಗೆ ಹೋಗ್ತದೆ? ಅದರ ಕೆಮಿಕಲ್ ಒಳಗೇ ಉಳೀತದಾ?"

ಕುಶಾಲನಗರದಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ತೋಟದಲ್ಲಿ ಕತ್ತಿ ತಾಗಿಸಿಕೊಂಡವರು, ಸಿಸೇರಿಯನ್ ಆದವರು, ಎಲ್ಲರೂ ಕೇಳುತ್ತಾರೆ. ತುಂಬಾ ಒಳ್ಳೆಯ ಪ್ರಶ್ನೆ. ಸುಮ್ನೆ "ಏನೂ ಆಗಲ್ಲ" ಅಂದು ಕಳಿಸಲು ನನಗೆ ಮನಸ್ಸಾಗುವುದಿಲ್ಲ.

ದಾರವಂತೂ ಹೋಗುತ್ತದೆ. ಹಿಂದೆ ಕುರಿ, ದನದ ಕರುಳಿನಿಂದ ಮಾಡಿದ ದಾರ ಬಳಸುತ್ತಿದ್ದರು. 1970ರ ದಶಕದಲ್ಲಿ ಮೈಯಲ್ಲಿ ಕರಗುವ ಪಾಲಿಯೆಸ್ಟರ್ ದಾರಗಳು ಬಂದವು. ವಿಕ್ರಿಲ್ ಹೆಸರು ನೀವು ಕೇಳಿರಬಹುದು. ಮೈಯೊಳಗಿನ ನೀರು ಇದರ ಉದ್ದ ಸರಪಳಿಗಳನ್ನು ನಿಧಾನವಾಗಿ ಕಡಿಯುತ್ತದೆ. ಸುಮಾರು 56ರಿಂದ 70 ದಿನಕ್ಕೆ ದಾರ ಮಾಯ. ಉಳಿಯುವುದು ಗ್ಲೈಕೋಲಿಕ್ ಆಮ್ಲ, ಲ್ಯಾಕ್ಟಿಕ್ ಆಮ್ಲ. ಲ್ಯಾಕ್ಟಿಕ್ ಆಮ್ಲವಂತೂ ನಮ್ಮ ಸ್ನಾಯುಗಳಲ್ಲೇ ದಿನಾ ಹುಟ್ಟುತ್ತದೆ. ಅದನ್ನು ಹೇಗೆ ಖರ್ಚು ಮಾಡಬೇಕೆಂದು ಮೈಗೆ ಗೊತ್ತು.

ನನ್ನ ತಲೆ ತಿನ್ನುವುದು ಇನ್ನೊಂದು. ಆ ಸರಪಳಿ ಕಟ್ಟಲು ಒಂದು ಕ್ರಿಯಾವರ್ಧಕ, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಬೇಕು. ಲ್ಯಾಕ್ಟೈಡ್ ಎಂಬುದು ಎರಡು ಲ್ಯಾಕ್ಟಿಕ್ ಆಮ್ಲ ಕೂಡಿ ಆದ, ಉಂಗುರದ ಆಕಾರದ ಅಣು. ಕ್ರಿಯಾವರ್ಧಕ ಆ ಉಂಗುರವನ್ನು ಬಿಡಿಸಿ, ಒಂದರ ಹಿಂದೆ ಒಂದು ಸೇರಿಸುತ್ತಾ ಹೋಗುತ್ತದೆ. ಇದಕ್ಕೆ ಹೆಚ್ಚಾಗಿ ಬಳಸುವುದು ಸ್ಟ್ಯಾನಸ್ ಆಕ್ಟೋಯೇಟ್. ಅಂದರೆ ತವರದ ಒಂದು ಲವಣ. ಕರಗಿದ ಲ್ಯಾಕ್ಟೈಡಿನಲ್ಲಿ ಚೆನ್ನಾಗಿ ಬೆರೆಯುತ್ತದೆ, ಉದ್ದದ ಸರಪಳಿ ಕೊಡುತ್ತದೆ, ಬೆಲೆಯೂ ಕಡಿಮೆ. ಆದರೆ ಕೆಲಸ ಮುಗಿದ ಮೇಲೂ ತವರ ಸರಪಳಿಯ ತುದಿಗೆ ಅಂಟಿಕೊಂಡಿರುತ್ತದೆ. ಆ ಉದ್ದ ಸರಪಳಿಯ ವಸ್ತುವನ್ನು, ಅಂದರೆ ಪಾಲಿಮರನ್ನು, ದ್ರಾವಕದಲ್ಲಿ ಕರಗಿಸಿ, ಮತ್ತೆ ಗಟ್ಟಿ ಮಾಡಿ ತೊಳೆದರೂ ಕೊನೆಯ ಚೂರು ಬಿಡುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಹಿರಿಯರು ಕೇಳುತ್ತಾರೆ: "ಕಲಾಯಿ ಹಾಕಿದ ಪಾತ್ರೆಯಲ್ಲೇ ಉಂಡು ಬೆಳೆದವರು ನಾವು. ಕಲಾಯಿ ಅಂದ್ರೆ ತವರವೇ ಅಲ್ವಾ?" ಹೌದು, ತವರವೇ. ಆದರೆ ಊಟದ ಜೊತೆ ಹೊಟ್ಟೆಗೆ ಹೋದ ತವರವನ್ನು ಕರುಳು ಹೀರಿಕೊಳ್ಳುವುದು ತೀರಾ ಕಡಿಮೆ. ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಮಾಂಸದೊಳಗೆ ಹೂತ ವಸ್ತುವಿಗೆ ಆ ಕಾವಲು ಇಲ್ಲ. ಹಡಗುಗಳ ತಳಕ್ಕೆ ಬಳಿದು ಸಮುದ್ರಜೀವಿಗಳನ್ನು ಕೊಂದ ಟ್ರೈಬ್ಯುಟೈಲ್ ತವರದ ಜೊತೆ ಇದನ್ನು ಸೇರಿಸಿ ಹೆದರುವುದೂ ತಪ್ಪು. ಅದು ಬೇರೆಯೇ ಜಾತಿ.

ಹೆದರಬೇಕೋ ಬೇಡವೋ ಎಂಬುದನ್ನು ಅಳತೆಯೇ ಹೇಳಬೇಕು. ಹತ್ತು ಲಕ್ಷದಲ್ಲಿ 20 ಭಾಗ ತವರ ಉಳಿದಿದೆ ಎಂದಿಟ್ಟುಕೊಳ್ಳಿ. 0.1 ಗ್ರಾಂ ದಾರದಲ್ಲಿ ಆಗ ಬರೀ 2 ಮೈಕ್ರೋಗ್ರಾಂ ಇರುತ್ತದೆ. ಹೊಲಿಗೆ ಹಾಕಿಸಿಕೊಂಡವರು ಇದಕ್ಕಾಗಿ ನಿದ್ದೆಗೆಡುವುದು ಬೇಡ. ಮೂಳೆ ಕೂಡಿಸಲು ಇಡುವ ಕರಗುವ ಪ್ಲೇಟು, ಸ್ಕ್ರೂಗಳ ಲೆಕ್ಕ ಬೇರೆ. ಅವುಗಳ ತೂಕ ಜಾಸ್ತಿ, ಕೆಲವು ಕರಗಲು ವರ್ಷಗಳೇ ಬೇಕು. ಪಾಲಿಮರ್ ಕರಗುತ್ತಾ ಹೋದಂತೆ ಉಳಿದ ತುಂಡಿನಲ್ಲಿ ಲೋಹದ ಪಾಲು ಏರಲೂಬಹುದು. ತವರದಿಂದ ಮೈಗೆ ಆಗಬೇಕಾದ ಕೆಲಸ ಯಾವುದೂ ಗೊತ್ತಾಗಿಲ್ಲ. ಹಾಗಿದ್ದ ಮೇಲೆ ಒಳಗೆ ಯಾಕೆ ಬಿಡಬೇಕು?

ಅದಕ್ಕೇ ನನಗೆ ತವರದ ಬದಲು ಸತುವಿನ ಕ್ರಿಯಾವರ್ಧಕಗಳ ಮೇಲೆ ಭರವಸೆ. ಕಾಫಿ ಗಿಡಕ್ಕೆ ಜಿಂಕ್ ಸಲ್ಫೇಟ್ ಸ್ಪ್ರೇ ಮಾಡುವ ನಮ್ಮವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಗಿಡಕ್ಕೆ ಬೇಕಾದಂತೆ ಮನುಷ್ಯನಿಗೂ ಸತು ಬೇಕು. ದೊಡ್ಡವರ ಮೈಯಲ್ಲಿ 2ರಿಂದ 3 ಗ್ರಾಂ ಇದ್ದೇ ಇರುತ್ತದೆ. ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಮಿಶೆಲ್ ವೆರ್ ಅವರ ತಂಡ 1990ರ ದಶಕದಲ್ಲೇ ಜಿಂಕ್ ಲ್ಯಾಕ್ಟೇಟ್ ಬಳಸಿ ಪಾಲಿಮರ್ ಮಾಡಿ, ತವರದ ಜೊತೆ ಹೋಲಿಸಿ ನೋಡಿತ್ತು. ಲೋಹವೂ ಮೈಗೆ ಗೊತ್ತಿರುವುದು, ಅದರ ಜೊತೆಗಿರುವ ಆಮ್ಲವೂ ಗೊತ್ತಿರುವುದು. ತೊಂದರೆ ಅಂದರೆ ಇದು ನಿಧಾನ. 1999ರಲ್ಲಿ ಅಮೆರಿಕದ ಜೆಫ್ರಿ ಕೋಟ್ಸ್ ತಂಡ ತೋರಿಸಿದ ಸತುವಿನ ಸಂಯುಕ್ತ ಕೋಣೆಯ ಬಿಸಿಯಲ್ಲೇ ಚುರುಕಾಗಿ ಕೆಲಸ ಮಾಡಿತು. ಆದರೆ ಇಂಥವು ತೇವ ತಾಗಿದರೆ ಕೆಡುತ್ತವೆ. ನಮ್ಮ ಜುಲೈ ತಿಂಗಳ ಗಾಳಿಯಲ್ಲಿ ಬಾಟಲಿ ತೆರೆಯುವ ಹಾಗೇ ಇಲ್ಲ. ಅಲ್ಲದೆ ಸತುವಿಗೆ ಕಟ್ಟಿದ ಆ ದೊಡ್ಡ ಸಾವಯವ ಅಣುವನ್ನೂ ಪರೀಕ್ಷೆ ಮಾಡಬೇಕು. ಲೋಹ ಒಳ್ಳೆಯದು ಅಂದ ಮಾತ್ರಕ್ಕೆ ಇಡೀ ಸಂಯುಕ್ತ ಒಳ್ಳೆಯದಾಗುವುದಿಲ್ಲ.

"ಈ ಕ್ರಿಯಾವರ್ಧಕದಲ್ಲಿ ಲೋಹವೇ ಇಲ್ಲ" ಎಂಬ ಮಾತಿಗೂ ನಾನು ಸುಲಭಕ್ಕೆ ತಲೆಯಾಡಿಸುವುದಿಲ್ಲ. 2001ರಲ್ಲಿ ಲ್ಯಾಕ್ಟೈಡಿನ ಮೇಲೆ ಪ್ರಯೋಗಿಸಿದ ಡಿಎಮ್‌ಎಪಿ ಎಂಬ ಸಾವಯವ ಕ್ರಿಯಾವರ್ಧಕದಲ್ಲಿ ಲೋಹ ಇಲ್ಲ ನಿಜ. ಆದರೆ ಚರ್ಮಕ್ಕೆ ತಾಗಿದರೂ ಅದು ವಿಷ. ಲೈಪೇಸ್ ಎಂಬ ಕಿಣ್ವ ನಿರಪಾಯ, ಕ್ಯಾಪ್ರೋಲ್ಯಾಕ್ಟೋನ್ ಎಂಬ ಇನ್ನೊಂದು ಉಂಗುರದ ಅಣುವಿಗೆ ಚೆನ್ನಾಗಿ ಒಗ್ಗುತ್ತದೆ. ಲ್ಯಾಕ್ಟೈಡಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಕೆಲವೆಡೆ ಕ್ರಿಯಾವರ್ಧಕವನ್ನೇ ಬಿಡಬಹುದು. ತಿಂಗಳಿಗೊಮ್ಮೆ ಚುಚ್ಚುವ, ಔಷಧಿಯನ್ನು ನಿಧಾನವಾಗಿ ಬಿಡುವ ಪುಟ್ಟ ಕಣಗಳಿಗೆ ಉದ್ದ ಸರಪಳಿ ಬೇಕಿಲ್ಲ. ಜಪಾನಿನ ಟಕೇಡಾ ಕಂಪನಿಯವರು 1980ರ ದಶಕದಲ್ಲಿ ಇಂಥ ಪಾಲಿಮರನ್ನು ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲಗಳನ್ನು ಕಾಯಿಸಿ, ನೀರನ್ನು ತೆಗೆಯುತ್ತಾ, ಯಾವ ಕ್ರಿಯಾವರ್ಧಕವೂ ಇಲ್ಲದೆ ಮಾಡಿದ್ದರು. ಮೂಳೆ ಹಿಡಿದು ನಿಲ್ಲುವ ಸ್ಕ್ರೂಗೆ ಆ ದಾರಿ ಸಾಲದು. ಅದಕ್ಕೆ ಬೇಕಾದ ಬಲ ಉದ್ದ ಸರಪಳಿಯಿಂದಲೇ ಬರಬೇಕು. ಸತು ತನ್ನ ವೇಗ ತೋರಿಸಬೇಕಾಗಿರುವುದೂ ಅಲ್ಲೇ.