ಗೂಬೆಗೆ ಫ್ರೀ ಅಟ್ಯಾಕ್ ಇಲ್ಲ

ಇಲ್ಲ. ‘ಫೈಂಡ್ ಫ್ಯಾಮಿಲಿಯರ್’ ಮಂತ್ರದಿಂದ ಫ್ಯಾಮಿಲಿಯರ್ (ಜೊತೆಗಾರ ಪ್ರಾಣಿ) ಆಗಿ ಕರೆದ ಗೂಬೆ ಅಟ್ಯಾಕ್ ಮಾಡುವಂತಿಲ್ಲ. ದಾಳ ಎಸೆದು ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ 2014ರ ಪುಸ್ತಕದಲ್ಲೂ ಇಲ್ಲ, 2024ರದ್ದರಲ್ಲೂ ಇಲ್ಲ. ಮುಂಬಯಿಯ ಮಾಟುಂಗಾದ ನಮ್ಮ ಭಾನುವಾರದ ಟೇಬಲ್‌ಗೆ ಹೊಸಬರು ಯಾರೇ ಬರಲಿ, ಮೊದಲ ಹೊಡೆದಾಟ ಶುರುವಾಗುತ್ತಲೇ ಇದನ್ನೇ ಕೇಳುತ್ತಾರೆ: “ನನ್ನ ಗೂಬೆಗೆ ಫ್ರೀಯಾಗಿ ಒಂದು ಅಟ್ಯಾಕ್ ಉಂಟಲ್ಲ ಮಾರಾಯ್ರೆ?” ಡೊಂಬಿವಲಿಯವರೂ ಅದೇ, ದಹಿಸರ್‌ನವರೂ ಅದೇ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಇದನ್ನು ಓದಿಕೊಂಡೇ ಬನ್ನಿ.

ಸಿಟ್ಟು ಬರುವುದು ಗೂಬೆಯ ಮೇಲಲ್ಲ, ಆ ‘ಫ್ರೀ’ ಎಂಬ ಮಾತಿನ ಮೇಲೆ. ಯಾವುದು ಫ್ರೀ? 2014ರ ನಿಯಮದಂತೆ 10 ಚಿನ್ನದ ನಾಣ್ಯದ ಇದ್ದಿಲು, ಧೂಪ, ಗಿಡಮೂಲಿಕೆ ತಂದು ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ ಸುಡಬೇಕು. ಒಂದು ಗಂಟೆ ಕೂರಬೇಕು. ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಸಿಗುವ ಎಣಿಕೆಯ ಅವಕಾಶ) ಉಳಿಸಲು ರಿಚುವಲ್, ಅಂದರೆ ನಿಧಾನದ ವಿಧಿ, ಮಾಡಿದರೆ ಇನ್ನೂ 10 ನಿಮಿಷ. ಇಷ್ಟೆಲ್ಲ ಮಾಡಿ ಕರೆದ ಗೂಬೆಗೆ ಇರುವುದು ಒಂದೇ ಒಂದು ಹಿಟ್ ಪಾಯಿಂಟ್ (ಪ್ರಾಣದ ಅಂಕ). ಫೈರ್‌ಬಾಲ್ ಎಂಬ ಬೆಂಕಿ ಮಂತ್ರ ಬಿದ್ದರೆ ಸೇವ್ (ತಪ್ಪಿಸಿಕೊಳ್ಳಲು ಎಸೆಯುವ ದಾಳ) ಪಾಸಾದರೂ ಅರ್ಧ ಏಟಿಗೇ ಮಾಯ. ಮತ್ತೆ ಗಂಟೆ, ಮತ್ತೆ 10 ನಾಣ್ಯ.

“ಅಟ್ಯಾಕ್ ಇಲ್ಲದಿದ್ದರೆ ಅದನ್ನು ಕಟ್ಟಿಕೊಂಡು ಏನು ಮಾಡುವುದು?” ಬಹಳ ಮಾಡಬಹುದು. ಅಟ್ಯಾಕ್ ಬಿಟ್ಟು ಉಳಿದ ಆ್ಯಕ್ಷನ್‌ಗಳು (ತನ್ನ ಸರದಿಯಲ್ಲಿ ಮಾಡುವ ಕೆಲಸ) ಅದಕ್ಕೆ ಇವೆ, ಅದರಲ್ಲಿ ಮುಖ್ಯವಾದದ್ದು ಹೆಲ್ಪ್. ಗೂಬೆ ಹಾರುವ ದೂರ 60 ಅಡಿ. ಶತ್ರುವಿನ 5 ಅಡಿಯೊಳಗೆ ನುಗ್ಗಿ, ಹೆಲ್ಪ್ ಮಾಡಿ, ಉಳಿದ ದೂರ ಹಾರಿ ವಾಪಸ್ ಬರಬಹುದು. ಫ್ಲೈಬೈ ಎಂಬ ಗುಣ ಇರುವುದರಿಂದ ಹೊರಡುವಾಗ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯುವವರಿಗೆ ಶತ್ರು ಕೊಡುವ ಏಟು) ಬೀಳುವುದಿಲ್ಲ. ಅದರ ಮುಂದಿನ ಟರ್ನ್ ಬರುವ ಮೊದಲು ಆ ಶತ್ರುವಿನ ಮೇಲೆ ಮೊದಲು ಕೈ ಮಾಡುವ ನಿಮ್ಮವರಿಗೆ ಅಡ್ವಾಂಟೇಜ್, ಅಂದರೆ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು.

ಎಡವಟ್ಟಾಗುವುದು ಇಲ್ಲೇ. ಫ್ಯಾಮಿಲಿಯರ್‌ಗೆ ತನ್ನದೇ ಇನಿಶಿಯೇಟಿವ್, ಅಂದರೆ ಸರದಿಯ ಸಾಲಿನಲ್ಲಿ ತನ್ನದೇ ಸ್ಥಾನ. ಗೂಬೆಯ ನಂತರ ಫೈಟರ್ (ಯೋಧ), ಆಮೇಲೆ ರೋಗ್ (ಕಳ್ಳ) ಅಂತ ಸಾಲು ಬಿದ್ದರೆ ಅಡ್ವಾಂಟೇಜ್ ಫೈಟರ್ ಪಾಲಾಗುತ್ತದೆ. ಅದಕ್ಕೇ ಕಾದಿದ್ದ ರೋಗ್ ಬರಿಗೈ. ಆಗ ಗೂಬೆಗೆ ರೆಡಿ ಆ್ಯಕ್ಷನ್ (ಸಮಯ ಕಾದು ಮಾಡುವ ಕೆಲಸ) ಕೊಟ್ಟು, ರೋಗ್ ಕತ್ತಿ ಎತ್ತಿದಾಗ ಹೆಲ್ಪ್ ಮಾಡು ಎನ್ನಬಹುದು. ಆದರೆ ಅಲ್ಲಿಯವರೆಗೆ ಅದು ಶತ್ರುವಿನ ಪಕ್ಕದಲ್ಲೇ ಹಾರಾಡುತ್ತಿರಬೇಕು, ಅದರ ರಿಯಾಕ್ಷನ್ನೂ (ಬೇರೆಯವರ ಸರದಿಯಲ್ಲಿ ಮಾಡಬಹುದಾದ ಒಂದು ಕೆಲಸ) ಖರ್ಚಾಗುತ್ತದೆ. ರಿಯಾಕ್ಷನ್ ಹೋದರೆ, ಮುಟ್ಟಿ ಹಾಕುವ ನಿಮ್ಮ ಟಚ್ ಮಂತ್ರವನ್ನು ಅದರ ಮೂಲಕ ಕಳಿಸಲಾಗದು. ಟಚ್ ಮಂತ್ರಕ್ಕೆ ನಿಮ್ಮ ಆ್ಯಕ್ಷನ್, ಗೂಬೆಯ ರಿಯಾಕ್ಷನ್ ಎರಡೂ ಬೇಕು, 100 ಅಡಿಯೊಳಗಿರಲೂಬೇಕು. ವಾರ್‌ಲಾಕ್ ಎಂಬ ಮಂತ್ರವಾದಿಗೆ ಸಿಗುವ ‘ಪ್ಯಾಕ್ಟ್ ಆಫ್ ದ ಚೈನ್’ ಶಕ್ತಿಯಲ್ಲಿ ಫ್ಯಾಮಿಲಿಯರ್ ಅಟ್ಯಾಕ್ ಮಾಡುತ್ತದಲ್ಲ ಎನ್ನುತ್ತೀರಿ. ಮಾಡುತ್ತದೆ, ವಾರ್‌ಲಾಕ್ ತನ್ನ ಒಂದು ಅಟ್ಯಾಕ್ ಬಿಟ್ಟುಕೊಟ್ಟರೆ. ಇದೇ ಬಗೆಯ ಇನ್ನೊಂದು ಆಟ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲೂ ಸಾಕುಪ್ರಾಣಿಗೆ ಎರಡು ಆ್ಯಕ್ಷನ್ ಸಿಗಬೇಕಾದರೆ ನಿಮ್ಮ ಮೂರರಲ್ಲಿ ಒಂದನ್ನು ಕೊಡಬೇಕು. ನಿಯಮದ ಮೇಲೆ ಗೂಬೆ ಕೂರಿಸಬೇಡಿ, ಲೆಕ್ಕ ಎಲ್ಲ ಕಡೆಯೂ ಒಂದೇ.

ಈ ಲೆಕ್ಕ ಯಾಕೆ ಬೇಕು ಎಂಬುದಕ್ಕೆ 2014ರ ‘ಕಾಂಜ್ಯೂರ್ ಆ್ಯನಿಮಲ್ಸ್’ ನೋಡಿ. ಮೂರನೇ ಲೆವೆಲ್ ಮಂತ್ರ, ಎಂಟು ತೋಳ. ಪ್ಯಾಕ್ ಟ್ಯಾಕ್ಟಿಕ್ಸ್ (ಜೊತೆಗೂಡಿ ಬೇಟೆಯಾಡಿದರೆ ಅಡ್ವಾಂಟೇಜ್) ಇರುವುದರಿಂದ ಪ್ರತಿ ತೋಳಕ್ಕೆ ಎರಡು ಡಿ20 (20 ಮುಖದ ದಾಳ), ಒಟ್ಟು 16. ಎಲ್ಲವೂ ಕಚ್ಚಿದರೆ ಏಟಿಗೆ ಎರಡೆರಡು ಡಿ4, ಇನ್ನೊಂದು 16. ಕಚ್ಚಿಸಿಕೊಂಡವನು ಬೀಳದಿರಲು 11 ಮುಟ್ಟಬೇಕಾದ ಸ್ಟ್ರೆಂಗ್ತ್ (ಬಲದ) ಸೇವ್, ಅದಕ್ಕೆ ಎಂಟು. ಒಬ್ಬರ ಪ್ರಾಣಿಗಳ ಒಂದು ಸರದಿಗೆ 40 ದಾಳ! ಒಬ್ಬ ಮನುಷ್ಯನ ಗಾತ್ರದ ಶತ್ರುವಿನ ಸುತ್ತ ಇರುವ ಚೌಕಗಳೂ ಎಂಟೇ. ಎಂಟೂ ತೋಳ ಸುತ್ತುವರಿದರೆ ವಿರಾರ್ ಲೋಕಲ್‌ನ ಬಾಗಿಲಿನ ಹಾಗೆ, ನಿಮ್ಮ ಫೈಟರ್‌ಗೆ ಕಾಲಿಡಲು ಜಾಗವಿಲ್ಲ. ಯಾವ ಪ್ರಾಣಿ ಬರಬೇಕೆಂದು ಆರಿಸುವುದು ಆಟಗಾರರಲ್ಲ, ಆಟ ನಡೆಸುವ ಡಿಎಮ್. ಎಂಟು ಸಣ್ಣವೋ ಒಂದು ದೊಡ್ಡದೋ ಎಂಬುದಷ್ಟೇ ನಿಮ್ಮ ಕೈಲಿ. 2024ರ ಪುಸ್ತಕ ಈ ಮಂತ್ರವನ್ನೇ ಬದಲಿಸಿ ಎಂಟು ಪ್ರಾಣಿಗಳ ಜಾಗದಲ್ಲಿ ಒಂದೇ ಮಾಯಾ ಹಿಂಡು ಇಟ್ಟಿತು. ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ.

ಕಚ್ಚುವ ಪ್ರಾಣಿಯೇ ಬೇಕೆಂದರೆ ಇದೇ ಆಟದ 2020ರ ‘ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ ಪುಸ್ತಕದ ‘ಸಮನ್ ಬೀಸ್ಟ್’ ತೆಗೆದುಕೊಳ್ಳಿ. 200 ಚಿನ್ನದ ನಾಣ್ಯದ, ಚಿನ್ನದ ಲೇಪದ ಓಕ್ ಬೀಜವೊಂದು ಬೇಕು, ಅದು ಖರ್ಚಾಗುವುದಿಲ್ಲ. ಪ್ರಾಣಿಯ ಸರದಿ ನಿಮ್ಮದರ ಬೆನ್ನಿಗೇ. ಬಾಯಲ್ಲಿ ಹೇಳಿದರೆ ಸಾಕು, ಆ್ಯಕ್ಷನ್ ಬೇಡ. ಹೇಳಲು ಮರೆತರೆ ಅದು ಡಾಡ್ಜ್ ಮಾಡುತ್ತಾ ಅಪಾಯದಿಂದ ದೂರ ಸರಿಯುತ್ತದೆ. ಎಸಿ (ಏಟು ತಗಲಲು ಶತ್ರು ಮುಟ್ಟಬೇಕಾದ ಅಂಕ) ಎಂದರೆ 11ಕ್ಕೆ ಸ್ಲಾಟ್‌ನ ಲೆವೆಲ್ ಕೂಡಿಸಿ. ಅಟ್ಯಾಕ್‌ಗಳ ಸಂಖ್ಯೆ ಲೆವೆಲ್‌ನ ಅರ್ಧ, ಉಳಿದ ಭಾಗ ಬಿಟ್ಟು. ಹಾಗಾಗಿ ಮೂರನೇ ಲೆವೆಲ್ ಸ್ಲಾಟ್ ಸುರಿದರೂ ಅಟ್ಯಾಕ್ ಒಂದೇ, ಎರಡಾಗುವುದು ನಾಲ್ಕಕ್ಕೆ. ಆಗ ನೆಲದ ಪ್ರಾಣಿಗೆ ಹಿಟ್ ಪಾಯಿಂಟ್ 40, ಪ್ರತಿ ಏಟಿಗೆ ಡಿ8ರ ಮೇಲೆ 8. ಇಲ್ಲಿ ಕೊಡುವ ಬೆಲೆ ಕಾನ್ಸಂಟ್ರೇಶನ್, ಅಂದರೆ ಮಂತ್ರದ ಮೇಲೆ ಗಮನ ಹಿಡಿದಿಡುವುದು. ನಿಮಗೆ ಏಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಶನ್ (ಮೈಗಟ್ಟಿನ) ಸೇವ್, ಮುಟ್ಟಬೇಕಾದ್ದು 10 ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದು. ತಪ್ಪಿದರೆ ಪ್ರಾಣಿ ಮಾಯ. ಅದನ್ನು ಮುಂದೆ ಬಿಟ್ಟು ನೀವು ಕಂಬದ ಹಿಂದೆ ನಿಲ್ಲಿ.

ನಿಜವಾಗಿ ಯಾರಾದರೂ ಕೇಳಬೇಕಿದ್ದ ಪ್ರಶ್ನೆ ಬೇರೆ: ನನ್ನ ಪ್ರಾಣಿಯ ಸರದಿ ಬೇಗ ಮುಗಿಸುವುದು ಹೇಗೆ? ಐದು ಜನರ ಟೇಬಲ್, ಎಲ್ಲರಿಗೂ ವಾಪಸ್ ಹೋಗಲು ಟ್ರೇನ್ ಇದೆ. ನಿಮ್ಮ ತೋಳ ತಿಂದ ಸಮಯ ಉಳಿದ ನಾಲ್ವರದ್ದು. ನಿಮಗಿಂತ ಮುಂಚಿನವರು ಆಡುತ್ತಿರುವಾಗಲೇ ಪ್ರಾಣಿ ಎಲ್ಲಿಗೆ ಹೋಗಬೇಕು, ಯಾರನ್ನು ಹಿಡಿಯಬೇಕು ಎಂದು ನಿರ್ಧರಿಸಿ. ಡಿ20, ಡ್ಯಾಮೇಜ್ ದಾಳ ಒಟ್ಟಿಗೇ ಎಸೆಯಿರಿ. ಹಲವು ಪ್ರಾಣಿಗಳಿದ್ದರೆ ಬಣ್ಣಕ್ಕೊಂದು ಜೋಡಿ. ಡ್ಯಾಮೇಜ್ ಎಸೆಯದೆ ಪುಸ್ತಕದ ಸರಾಸರಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು: ತೋಳದ ಕಚ್ಚಿಗೆ 7. ಎಸಿ, ಹಿಟ್ ಪಾಯಿಂಟ್, ವೇಗ, ಏಟು, ಮಂತ್ರದ ಅವಧಿ, ಇಷ್ಟನ್ನು ಒಂದು ಕಾರ್ಡಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು ತನ್ನಿ. ಕಾರ್ಡ್ ಇಲ್ಲದ ಪ್ರಾಣಿಯನ್ನು ನಮ್ಮ ಟೇಬಲ್‌ನಲ್ಲಿ ಕರೆಯಲು ಬಿಡುವುದಿಲ್ಲ.