ಹಳೆ ಅಲ್ಯೂಮಿನಿಯಂ, ಹೊಸ ಕಾರು

ಇವತ್ತು ಬೆಳಗ್ಗೆಯಿಂದ ತಲೆಯಲ್ಲಿ ಇದೇ ಓಡುತ್ತಿದೆ. 2014ರಲ್ಲಿ ಜಾಗ್ವಾರ್ ಎಕ್ಸ್‌ಇ ಕಾರನ್ನು ಮೊದಲು ತೋರಿಸಿದರಲ್ಲ, ಅದರ ಬಾಡಿಯಲ್ಲಿ ಆರ್‌ಸಿ5754 ಅನ್ನೋ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿದ್ದರು. ಅದರಲ್ಲಿ ಶೇ. 75ರವರೆಗೂ ಮರುಬಳಕೆಯ ಲೋಹ ಇರಬಹುದು! ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ. 5ರಷ್ಟಿದ್ದರೆ ಸಾಕು, ಹಳೆಯದನ್ನು ಕರಗಿಸಬಹುದು. ಕಾರೂ ಹಗುರ.

ಕಷ್ಟ ಕೊಡುವುದು ಕಬ್ಬಿಣ. ಗುಜರಿ ಕಾರನ್ನು ಪುಡಿ ಮಾಡುವಾಗ ಸ್ಕ್ರೂ, ರಿವೆಟ್ ಚೂರುಗಳು ಸೇರಿಕೊಳ್ಳುತ್ತವೆ. ಕರಗಿದ ಮೇಲೆ ಅದು ಸಾರಿಗೆ ಜಾಸ್ತಿ ಬಿದ್ದ ಉಪ್ಪಿನ ಹಾಗೆ. ತೆಗೆಯುವುದು ಬಹಳ ಕಷ್ಟ, ಹೊಸ ಅಲ್ಯೂಮಿನಿಯಂ ಸುರಿದು ತೆಳು ಮಾಡಬೇಕು. ಇಲ್ಲದಿದ್ದರೆ ತಗಡು ಬಾಗಿಸುವಾಗ ಬಿರುಕು ಬಿಡುತ್ತದೆ. ಅದಕ್ಕೇ ಹಳೆ ಕಾರಿನ ಲೋಹ ಬಹುಪಾಲು ಎಂಜಿನ್ ಬ್ಲಾಕ್‌ನಂಥ ಎರಕದ ಭಾಗಗಳಿಗೆ ಹೋಗುತ್ತದೆ. ಆದರೆ ಎಲೆಕ್ಟ್ರಿಕ್ ಕಾರಿಗೆ ಎಂಜಿನ್ನೇ ಇಲ್ಲ, ಅಲ್ವಾ? ಆಗ ಆ ಲೋಹವೆಲ್ಲ ಎಲ್ಲಿಗೆ ಹೋಗಬೇಕು?

ಕಾರು ಡಿಸೈನ್ ಮಾಡುವಾಗಲೇ ಅದನ್ನು ಬಿಚ್ಚುವ ದಿನವನ್ನೂ ಯೋಚಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಯಾವ ಭಾಗ ಯಾವ ಮಿಶ್ರಲೋಹ ಅಂತ ಗುರುತು ಹಾಕಿಟ್ಟರೆ ಗುಜರಿಯಲ್ಲಿ ವಿಂಗಡಿಸುವವರಿಗೆ ಕೆಲಸ ಎಷ್ಟೋ ಸುಲಭ.