8.1ರಲ್ಲಿ ನಿಂತ ಮುಳ್ಳು

ನಮ್ಮ ಬಿಎಸ್ಸಿ ಲ್ಯಾಬಿನಲ್ಲಿ ಕೆಪಾಸಿಟರ್ ಚಾರ್ಜಿಂಗ್ ಪ್ರಯೋಗಕ್ಕೆ ಸಿಗುತ್ತಿದ್ದ ಸಾಮಾನು ಇಷ್ಟೇ: 10 ವೋಲ್ಟ್ ಡಿಸಿ ಸಪ್ಲೈ, 47 ಕಿಲೋಓಮ್ ರೆಸಿಸ್ಟರ್, 1000 ಮೈಕ್ರೋಫ್ಯಾರಡ್, 25 ವೋಲ್ಟಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಒಂದು ಪ್ಲಗ್ ಕೀ, ಸ್ಟಾಪ್‌ವಾಚ್, ಮುಳ್ಳಿನ ಮಲ್ಟಿಮೀಟರ್.

ಆರ್ (ರೆಸಿಸ್ಟರಿನ ಬೆಲೆ) ಮತ್ತು ಸಿ (ಕೆಪಾಸಿಟರಿನ ಬೆಲೆ) ಗುಣಿಸಿದರೆ 47 ಸೆಕೆಂಡು, ಇದೇ ಕಾಲ ಸ್ಥಿರಾಂಕ. ಲೆಕ್ಕದ ಪ್ರಕಾರ ಅಷ್ಟು ಹೊತ್ತಿಗೆ ಕೆಪಾಸಿಟರಿನಲ್ಲಿ 6.32 ವೋಲ್ಟ್, ಅದರ ಎರಡರಷ್ಟಕ್ಕೆ 8.65, ಐದರಷ್ಟಕ್ಕೆ 9.93. ಕೀ ಹಾಕಿದ ಕ್ಷಣ 0.21 ಮಿಲಿಆಂಪಿಯರ್ ಹರಿಯುತ್ತದೆ. ಕೆಪಾಸಿಟರಿನ ವೋಲ್ಟೇಜ್ ಏರಿದಂತೆ ರೆಸಿಸ್ಟರಿಗೆ ಉಳಿಯುವ ಪಾಲು ಕಡಿಮೆಯಾಗಿ ಕರೆಂಟೂ ಇಳಿಯುತ್ತದೆ. ಚಾರ್ಜ್ 'ತುಂಬುತ್ತದೆ' ಅನ್ನುವುದು ವೈವಾದ (ಮೌಖಿಕ ಪರೀಕ್ಷೆಯ) ಭಾಷೆ. ಒಂದು ಫಲಕಕ್ಕೆ 10 ಮಿಲಿಕೂಲಂ ಸೇರಿದರೆ ಇನ್ನೊಂದರಿಂದ ಅಷ್ಟೇ ಹೊರಟಿರುತ್ತದೆ, ಒಟ್ಟು ಸೊನ್ನೆ. ಉಳಿಯುವುದು ನಡುವೆ ಕರೆಂಟು ದಾಟದಂತೆ ತಡೆಯುವ ಆಕ್ಸೈಡ್ ಪದರದ ವಿದ್ಯುತ್ ಕ್ಷೇತ್ರದಲ್ಲಿರುವ 0.05 ಜೂಲ್ ಶಕ್ತಿ. ಸಪ್ಲೈ ಕೊಟ್ಟದ್ದು 0.1 ಜೂಲ್, ಉಳಿದರ್ಧ ರೆಸಿಸ್ಟರಿನಲ್ಲಿ ಶಾಖವಾಗಿ ಹೋಯಿತು. ರೆಸಿಸ್ಟರ್ ಎಷ್ಟೇ ಓಮಿನದಾದರೂ ಆ ಅರ್ಧ ತಪ್ಪುವುದಿಲ್ಲ.

ಕೆಪಾಸಿಟರಿನ ಪಟ್ಟೆ ಇರುವ ಕಾಲು ನೆಗೆಟಿವ್. ತಿರುಗಿಸಿ ಕೊಟ್ಟರೆ ಆಕ್ಸೈಡ್ ಪದರ ಕೆಡುತ್ತದೆ, ಒಳಗೆ ಅನಿಲ ಹುಟ್ಟುತ್ತದೆ. 47 ಕಿಲೋಓಮ್ ಅಡ್ಡವಿದ್ದರೆ ಮುಳ್ಳು ಮೇಲೇರದೆ ಕೂರುತ್ತದೆ, ಅಷ್ಟೇ; ಸಪ್ಲೈಗೆ ನೇರ ಸಿಕ್ಕಿಸಿದರೆ ತಲೆ ಉಬ್ಬಿ ಒಡೆಯಬಹುದು.

ಇನ್ನು ಎಲ್ಲರನ್ನೂ ಕಾಡಿದ ಸಂಗತಿ. ಎಷ್ಟು ಹೊತ್ತು ಕಾದರೂ ಮುಳ್ಳು 8.1ರ ಹತ್ತಿರ ನಿಂತುಬಿಡುತ್ತಿತ್ತು. ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಬಹಳ ಜನರದ್ದು 9.9! ತಪ್ಪು ಕೆಪಾಸಿಟರಿನದಲ್ಲ. ರೇಂಜಿನ ಪ್ರತಿ ವೋಲ್ಟಿಗೆ 20 ಕಿಲೋಓಮ್ ಇರುವ ಮೀಟರನ್ನು 10 ವೋಲ್ಟ್ ರೇಂಜಿಗಿಟ್ಟು ಕೆಪಾಸಿಟರಿನ ಎರಡು ಕಾಲಿಗೆ ಸಿಕ್ಕಿಸಿದರೆ ಅದೇ 200 ಕಿಲೋಓಮಿನ ಹೊರೆ. 47 ಮತ್ತು 200 ವೋಲ್ಟೇಜನ್ನು ಹಂಚಿಕೊಂಡು 8.1 ಉಳಿಯುತ್ತದೆ, ಕಾಲ ಸ್ಥಿರಾಂಕವೂ 38 ಸೆಕೆಂಡಿಗೆ ಇಳಿಯುತ್ತದೆ. 10 ಮೆಗಾಓಮಿನ ಡಿಜಿಟಲ್ ಮೀಟರ್ ಹಾಕಿದರೆ 9.95 ಬರುತ್ತದೆ. ಮುಳ್ಳಿನದೇ ಗತಿಯಾದರೆ ರೆಸಿಸ್ಟರನ್ನು 4.7 ಕಿಲೋಓಮಿಗೆ ಇಳಿಸಿ, ಕೆಪಾಸಿಟರನ್ನು 10,000 ಮೈಕ್ರೋಫ್ಯಾರಡಿಗೆ ಏರಿಸಿ: ಸಮಯ ಹೆಚ್ಚುಕಮ್ಮಿ ಅದೇ 47 ಸೆಕೆಂಡು, ಮುಳ್ಳು 9.77ರವರೆಗೆ ಹೋಗುತ್ತದೆ.

ಡಿಜಿಟಲ್ ಮೀಟರಿನಲ್ಲೂ ಕಡಿಮೆ ಬಂದರೆ ಸೋರಿಕೆಯನ್ನು, ಅಂದರೆ ಆಕ್ಸೈಡ್ ಪದರದ ಮೂಲಕವೇ ನುಸುಳುವ ಕರೆಂಟನ್ನು, ಸಂಶಯಿಸಬೇಕು. 47 ಕಿಲೋಓಮಿನ ಜೊತೆ 10 ಮೈಕ್ರೋಆಂಪಿಯರ್ ಸೋರಿದರೆ ಅರ್ಧ ವೋಲ್ಟಿನಷ್ಟು ಹೋಯಿತು. ವರ್ಷಗಟ್ಟಲೆ ಬೀರುವಿನಲ್ಲಿದ್ದ ಕೆಪಾಸಿಟರಿಗೆ ಇದು ಮಾಮೂಲು. ರೆಸಿಸ್ಟರ್ ಮೂಲಕ ಸ್ವಲ್ಪ ಹೊತ್ತು ವೋಲ್ಟೇಜಿನಲ್ಲಿ ಬಿಟ್ಟರೆ ಪದರ ಮತ್ತೆ ಬೆಳೆದು ಸೋರಿಕೆ ಇಳಿಯುತ್ತದೆ. 47 ಸೆಕೆಂಡು 55 ಆದರೆ ಗಾಬರಿ ಬೇಡ, ಈ ಜಾತಿಯ ಕೆಪಾಸಿಟರುಗಳಲ್ಲಿ ಶೇ 20ರ ವ್ಯತ್ಯಾಸ ಒಪ್ಪಿತವೇ.

ಎರಡನೇ ಸಲ ರೀಡಿಂಗ್ ತೆಗೆಯುವ ಮುಂಚೆ ತಂತಿಯಿಂದ ಚಟ್ಟನೆ ಶಾರ್ಟ್ ಮಾಡಬೇಡಿ, 100 ಓಮಿನ ರೆಸಿಸ್ಟರ್ ಅಡ್ಡ ಹಿಡಿಯಿರಿ. ಕ್ಷಣದಲ್ಲಿ ಸೊನ್ನೆ ತೋರಿಸಿದರೂ ಬಿಟ್ಟೊಡನೆ ವೋಲ್ಟೇಜ್ ಸ್ವಲ್ಪ ಮರಳುತ್ತದೆ. ಡೈಎಲೆಕ್ಟ್ರಿಕ್, ಅಂದರೆ ಆ ಆಕ್ಸೈಡ್ ಪದರ, ನುಂಗಿದ್ದನ್ನು ನಿಧಾನಕ್ಕೆ ಬಿಟ್ಟುಕೊಡುತ್ತದೆ. ಒಂದೆರಡು ನಿಮಿಷ ಹಾಗೇ ಹಿಡಿದಿರಿ, ಆಮೇಲೆ ಕೀ ಹಾಕಿ.